ಬೆವರು ನೋಡಿ ಗ್ಯಾಸ್ ಹಾಕಿದವನು

ನಾನು ಒಬ್ಬ ಮನುಷ್ಯನನ್ನು ಒಂಬತ್ತು ವರ್ಷ ದ್ವೇಷಿಸಿದ್ದೇನೆ. ಬಾಯಿಮಾತಿಗಲ್ಲ, ಶ್ರದ್ಧೆಯಿಂದ. ದೇವರ ಮುಂದೆ ದೀಪ ಹಚ್ಚುವುದನ್ನು ಮರೆತ ದಿನಗಳಿವೆ, ಅವನಿಗೆ ಶಾಪ ಹಾಕುವುದನ್ನು ಮರೆತ ದಿನವಿಲ್ಲ. ಹಗೆ ಸಾಧಿಸಿದರೆ ಸಾಧಿಸಿದವರ ರಕ್ತವೇ ಸುಡುತ್ತದೆ ಎಂದು ದೊಡ್ಡವರು ಹೇಳುತ್ತಾರೆ. ನನ್ನ ರಕ್ತಕ್ಕೆ ಏನೂ ಆಗಿಲ್ಲ, ಮೊನ್ನೆ ತಾನೇ ಪರೀಕ್ಷೆ ಮಾಡಿಸಿದೆ. ಸಕ್ಕರೆಯೂ ಇಲ್ಲ, ಬಿಪಿಯೂ ಇಲ್ಲ.

ನಾನು ಫ್ರಿಜ್, ಎಸಿ, ಹಾಲು ತಂಪು ಮಾಡುವ ಕೂಲರ್ ರಿಪೇರಿ ಮಾಡುವವಳು. ತವರು ಹೊಳೆನರಸೀಪುರ, ಈಗ ಅಂಗಡಿ ಇಟ್ಟಿರುವುದು ಅರಕಲಗೂಡಿನಲ್ಲಿ. ಅವನು ಹಾಸನದ ಹಳೆಯ ಮೆಕ್ಯಾನಿಕ್, ನಾನು ಮೊದಲು ಕೆಲಸಕ್ಕೆ ಸೇರಿದ ಅಂಗಡಿಯ ಓನರ್. ಎದುರಿಗೆ ಸಿಕ್ಕರೆ ಇವತ್ತಿಗೂ ‘ಸಾ’ ಎನ್ನುತ್ತೇನೆ, ‘ನೀವು’ ಎನ್ನುತ್ತೇನೆ. ಬರೆಯುವಾಗ ಮಾತ್ರ ‘ಅವನು’. ಬರೆಯುವುದರಲ್ಲಿ ಇಷ್ಟಾದರೂ ಸುಖ ಬೇಡವೇ.

ಅವನು ಮಾಡಿದ್ದಿಷ್ಟು: ನನ್ನ ಕೈಗುಣ ಸರಿಯಿಲ್ಲ ಎಂದ. ಚನ್ನರಾಯಪಟ್ಟಣದ ಕಡೆಯ ಒಂದು ಹಾಲಿನ ಡೇರಿಯ ಮುಂದೆ, ಕ್ಯಾನು ಹಿಡಿದು ನಿಂತಿದ್ದ ಮೂವತ್ತು ನಲವತ್ತು ಹೆಂಗಸರ ಎದುರು. ಆ ಮಾತನ್ನು ಅದೇ ಜಾಗದಲ್ಲಿ, ಅದೇ ಹೆಂಗಸರ ಎದುರು, ಅದೇ ಬಾಯಿಂದ ವಾಪಸು ತೆಗೆಸಬೇಕು. ಒಂಬತ್ತು ವರ್ಷ ನನಗೆ ಬೇಕಾಗಿದ್ದು ಇದೊಂದೇ.

ಹಾಸನದಲ್ಲಿ ಐಟಿಐ ಓದುವಾಗ ಆ ಟ್ರೇಡಿನಲ್ಲಿ ಹುಡುಗಿ ನಾನೊಬ್ಬಳೇ. ನಮಗೆ ಪಾಠ ಮಾಡಿದ ಮೇಷ್ಟ್ರು ಸಿಡುಕ, ಆದರೆ ಕೆಲಸದಲ್ಲಿ ಕಟ್ಟುನಿಟ್ಟು. ‘ಪೈಪಿನೊಳಗೆ ಗಾಳಿ ಬಿಡೋದೂ ಒಂದೇ, ಮನೆಯೊಳಗೆ ಹಾವು ಬಿಡೋದೂ ಒಂದೇ’ ಎನ್ನುತ್ತಿದ್ದರು. ಯಂತ್ರದ ಪೈಪು ಬಿಚ್ಚಿ ಮತ್ತೆ ಬೆಸುಗೆ ಹಾಕಿದಾಗ ಒಳಗೆ ಗಾಳಿ ಸೇರಿಕೊಳ್ಳುತ್ತದೆ, ಗಾಳಿಯ ಜೊತೆ ನೀರಿನ ಪಸೆ. ಪಂಪು ಕೂರಿಸಿ ಅದನ್ನೆಲ್ಲ ಎಳೆದು ಬರಿದು ಮಾಡಬೇಕು. ಇದಕ್ಕೆ ವ್ಯಾಕ್ಯೂಮ್ ಎನ್ನುತ್ತೇವೆ. ಆಮೇಲೆ ಪಂಪು ನಿಲ್ಲಿಸಿ ಮೀಟರಿನ ಮುಂದೆ ಅರ್ಧ ಗಂಟೆ ಸುಮ್ಮನೆ ಕೂರಬೇಕು. ಮೀಟರು ಏರಿದರೆ ಎಲ್ಲೋ ತೂತಿದೆ, ಇಲ್ಲವೇ ಪಸೆ ಉಳಿದಿದೆ. ಏರದಿದ್ದರೆ ಗ್ಯಾಸ್ ಸಿಲಿಂಡರನ್ನು ತೂಕದ ಯಂತ್ರದ ಮೇಲಿಟ್ಟು, ರಿಪೇರಿಗೆ ಬಂದ ಯಂತ್ರದ ತಗಡಿನ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ ಬಿಡಬೇಕು. ಒಂದು ಗ್ರಾಂ ಹೆಚ್ಚಿಲ್ಲ, ಕಮ್ಮಿ ಇಲ್ಲ. ಇದರಲ್ಲಿ ಜಾಣತನವೇನೂ ಬೇಕಿಲ್ಲ, ಕೂರುವ ತಾಳ್ಮೆ ಬೇಕು ಅಷ್ಟೇ.

ಓನರಿಗೆ ಇಲ್ಲದಿದ್ದದ್ದು ಅದೊಂದೇ. ಅವನ ಅಂಗಡಿಯಲ್ಲಿ ತೂಕದ ಯಂತ್ರವೇ ಇರಲಿಲ್ಲ. ವ್ಯಾಕ್ಯೂಮ್ ಪಂಪು ಇತ್ತು, ಅದರ ಮೇಲೆ ಊಟದ ಡಬ್ಬಿ ಇಡುತ್ತಿದ್ದ. ಅವನ ಪದ್ಧತಿಯೇ ಬೇರೆ. ಸಿಲಿಂಡರಿನ ಕಿವಿ ತಿರುಗಿಸಿ, ಬೀಡಿ ಹಚ್ಚಿ, ಕಂಪ್ರೆಸರಿಗೆ ವಾಪಸು ಬರುವ ಪೈಪನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಪೈಪು ತಣ್ಣಗಾಗಿ ಮೇಲೆ ನೀರಿನ ಹನಿ ಕಟ್ಟಬೇಕು. ಪೈಪು ಬೆವರಿತು ಅಂದರೆ ಗ್ಯಾಸು ತುಂಬಿತು, ಕಿವಿ ಮುಚ್ಚು, ಎದ್ದೇಳು. ಹಾಸನದ ಅರ್ಧ ಮೆಕ್ಯಾನಿಕ್‌ಗಳು ಅವನಿಂದಲೇ ಇದನ್ನು ಕಲಿತವರು. ಅವನ ಕೈ ಎಂದರೆ ಎಲ್ಲರಿಗೂ ಭಕ್ತಿ.

ನಾನು ಸೇರಿದ ಹೊಸದರಲ್ಲಿ ಒಂದು ತೂಕದ ಯಂತ್ರ ತರಿಸೋಣವೇ ಎಂದು ಕೇಳಿದೆ. ಅಂಗಡಿಯವರೆಲ್ಲ ನಕ್ಕರು.

‘ಏನಮ್ಮಿ, ಗ್ಯಾಸ್ನ ತೂಗೋಕೆ ಇದೇನು ಬೆಳ್ಳಿ ಅಂಗ್ಡಿಯಾ?’ ಎಂದ ಅವನು. ‘ಪೈಪು ಬೆವರ್ತದೆ, ಅದೇ ತಕ್ಕಡಿ ಕಣಮ್ಮಿ. ಮೂವತ್ ವರ್ಸದಿಂದ ಬೆವರು ನೋಡ್ಕಂಡೇ ಬಂದಿವ್ನಿ.’

ಮೂವತ್ತು ವರ್ಷದಿಂದ ತಪ್ಪನ್ನೇ ಮಾಡಿಕೊಂಡು ಬಂದಿದ್ದ. ಬೆವರು ಗ್ಯಾಸಿನ ಲೆಕ್ಕ ಹೇಳುವುದಿಲ್ಲ, ಹವೆಯ ಲೆಕ್ಕ ಹೇಳುತ್ತದೆ. ಆಷಾಢದಲ್ಲಿ ಗೊರೂರಿನ ಕ್ವಾರ್ಟರ್ಸ್ ಒಂದರಲ್ಲಿ ಫ್ರಿಜ್ ರಿಪೇರಿಗೆ ಹೋಗಿದ್ದೆವು. ಹೊಳೆ ಕಡೆಯ ಥಂಡಿ ಗಾಳಿ, ಬಿಡದ ಸೋನೆ. ಅರ್ಧ ಗ್ಯಾಸಿಗೇ ಪೈಪು ಬೆವೆತು ನೀರಿಳಿಯಿತು. ‘ಆಯ್ತು ನಡಿ’ ಎಂದ. ಹದಿನೈದು ದಿನಕ್ಕೆ ಮತ್ತೆ ಕರೆ ಬಂತು, ಲೀಕ್ ಆಗಿದೆ ಎಂದು ಹೇಳಿ ಮತ್ತೆ ಗ್ಯಾಸ್ ಹಾಕಿ ಬಂದ. ಬೇಸಿಗೆಯಲ್ಲಿ ಇದೇ ಉಲ್ಟಾ. ಒಣಗಾಳಿಯಲ್ಲಿ ಪೈಪು ಬೆವರುವುದೇ ಇಲ್ಲ, ಇವನು ಬೆವರಲಿ ಬೆವರಲಿ ಎಂದು ತುಂಬುತ್ತಲೇ ಇರುತ್ತಿದ್ದ. ಉಂಡವನಿಗೇ ಮತ್ತೆ ಮತ್ತೆ ಬಡಿಸಿದ ಹಾಗೆ ಯಂತ್ರದ ಉಸಿರು ಕಟ್ಟುತ್ತಿತ್ತು.

ನನ್ನ ಕಥೆ ನಡೆದದ್ದು ಬೇಸಿಗೆಯಲ್ಲಿ. ಶಿವರಾತ್ರಿ ಕಳೆದಿತ್ತು, ಯುಗಾದಿ ಬಂದಿರಲಿಲ್ಲ. ದಂಡಿಗನಹಳ್ಳಿ ದಾಟಿ ಹೋದರೆ ಸಿಗುವ ಒಂದು ಊರಿನ ಡೇರಿಯಲ್ಲಿ ಹಾಲಿನ ಕೂಲರ್ ನಿಂತುಹೋಗಿತ್ತು. ಆ ಊರು ನನ್ನ ಚಿಕ್ಕಮ್ಮನನ್ನು ಕೊಟ್ಟ ಊರು. ಅಮ್ಮನ ಸ್ವಂತ ತಂಗಿ, ನಾನು ಬೇಸಿಗೆ ರಜಾ ಕಳೆದದ್ದೆಲ್ಲ ಅವಳ ಮನೆಯಲ್ಲೇ. ಡೇರಿಗೆ ಹಾಲು ಹಾಕುವವರಲ್ಲಿ ಅವಳೂ ಒಬ್ಬಳು. ನನ್ನ ಅಕ್ಕನ ಮಗಳು ಬಂದು ನಮ್ಮ ಡೇರಿ ರಿಪೇರಿ ಮಾಡುತ್ತಾಳೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಬೆಳಗಿನ ಹಾಲು ಟ್ಯಾಂಕರಿಗೆ ಹೋದ ಮೇಲೆ ನಾನು ಕೆಲಸ ಶುರು ಮಾಡಿದೆ. ಹಳೆಯ ಕಂಪ್ರೆಸರ್ ಕಿತ್ತು, ಹೊಸದನ್ನು ಕೂರಿಸಿ, ಬೆಸುಗೆ ಹಾಕಿ, ಊಟದ ಡಬ್ಬಿಯಿಂದ ಬಿಡಿಸಿ ತಂದಿದ್ದ ಪಂಪಿಗೆ ಪೈಪು ಸಿಕ್ಕಿಸಿದೆ. ಸಂಜೆಯ ಹಾಲು ಬರುವುದು ಐದು ಗಂಟೆಗೆ. ಟೈಮು ಧಾರಾಳವಾಗಿತ್ತು. ಹನ್ನೆರಡರ ಹೊತ್ತಿಗೆ ಓನರ್ ಬೈಕಿನಲ್ಲಿ ಬಂದ. ಚನ್ನರಾಯಪಟ್ಟಣದಲ್ಲಿ ಒಂದು ಕಲ್ಯಾಣ ಮಂಟಪದ ಎಸಿ ಕೆಲಸ ಒಪ್ಪಿಕೊಂಡಿದ್ದ, ಬೈಕಿನಿಂದ ಇಳಿಯುವಾಗಲೇ ಗಡಿಯಾರ ನೋಡುತ್ತಿದ್ದ.

‘ಇನ್ನೂ ಗಾಳಿ ಎಳೀತಿದ್ದೀಯಾ? ಬುಡು ಸಾಕು.’

‘ಸಾ, ಇನ್ನೂ ಹತ್ತು ನಿಮಿಷ ಆಗಿಲ್ಲ. ಎರಡು ಗಂಟೆ ಕೊಡಿ ಸಾ.’

‘ಎಲ್ಡ್ ಗಂಟೆ ಇಲ್ಲೇ ಮನೀಕಳನಾ? ಓಗಮ್ಮಿ, ಬಸ್ ಸ್ಟಾಪ್ ತಾವ ಕಾಪಿ ತಗಂಬಾ.’

ಹೋದೆ. ಜಗಲಿಯ ಮೇಲೆ ಚಿಕ್ಕಮ್ಮ ಹಸುವಿನ ಫೀಡ್ ಮೂಟೆಗೆ ಕಾಯುತ್ತಾ ಕೂತಿದ್ದಳು, ನನ್ನನ್ನು ನೋಡಿ ನಕ್ಕಳು. ಕಾಫಿ ತಂದು ನೋಡಿದರೆ ಪಂಪು ಪಕ್ಕಕ್ಕಿತ್ತು, ಸಿಲಿಂಡರ್ ತಲೆಕೆಳಗಾಗಿ ನಿಂತಿತ್ತು. ಇವನು ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೆವರಿಗೆ ಕಾಯುತ್ತಿದ್ದ. ಹೊರಗೆ ರಣ ಬಿಸಿಲು. ಪೈಪು ಬೆವರಲಿಲ್ಲ. ಇನ್ನಷ್ಟು ಬಿಟ್ಟ. ಸಾಕು ಸಾ ಎಂದೆ. ‘ನಂಗೇ ಯೋಳ್ತೀಯಾ?’ ಎಂದ. ಇನ್ನಷ್ಟು ಬಿಟ್ಟ. ಕೊನೆಗೂ ನಾಲ್ಕು ಹನಿ ಕಟ್ಟಿತು, ಎದ್ದ.

ಡೇರಿಯವರ ಕಾರ್ಡಿನಲ್ಲಿ ಐಟಿಐ ಓದಿದವರ ಸಹಿ ಬೇಕಿತ್ತು. ವ್ಯಾಕ್ಯೂಮ್ ಮಾಡಲಾಗಿದೆಯೇ ಎಂಬಲ್ಲಿ ಅವನೇ ‘ಹೌದು’ ಎಂದು ಬರೆದ, ಗ್ಯಾಸಿನ ತೂಕ ಎಂಬಲ್ಲಿ ತೋಚಿದ್ದನ್ನು ಬರೆದ, ಪೆನ್ನು ನನ್ನ ಕೈಗೆ ಕೊಟ್ಟ. ನಾನು ಸಹಿ ಹಾಕಿದೆ. ಚಿಕ್ಕ ವಯಸ್ಸು, ಮೊದಲ ಕೆಲಸ, ಅವನು ಓನರ್. ಇವೆಲ್ಲ ನೆಪ ಎಂದು ನನಗೆ ಗೊತ್ತು. ಆದರೂ ಹಾಕಿದವಳು ನಾನೇ.

ಎಂಟನೆಯ ದಿನ ಸಂಜೆ ಕಂಪ್ರೆಸರ್ ಸುಟ್ಟುಹೋಯಿತು. ಹಾಲೆಲ್ಲ ಬೆಳಗಿನವರೆಗೆ ಬೆಚ್ಚಗೆ ಟ್ಯಾಂಕಿನಲ್ಲೇ ಕೂತಿತ್ತು. ಟ್ಯಾಂಕರಿನವನು ಮುಚ್ಚಳ ತೆಗೆದು ಮೂಸಿ, ಒಲ್ಲೆ ಎಂದು ಗಾಡಿ ತಿರುಗಿಸಿಕೊಂಡು ಹೋದ. ನಾವು ತಲುಪುವಾಗ ಹಾಲನ್ನು ಚರಂಡಿಗೆ ಬಿಡುತ್ತಿದ್ದರು. ಊರ ಹಸುಗಳ ಒಂದು ಹೊತ್ತಿನ ಹಾಲು ಬೆಳ್ಳಗೆ ರಸ್ತೆಯುದ್ದಕ್ಕೂ ಹರಿದು ಹೋಗುತ್ತಿತ್ತು, ನಾಯಿಗಳೂ ಮೂಸಿ ಬಿಡುತ್ತಿದ್ದವು. ಹೆಂಗಸರು ಬೆಳಗಿನ ಹಾಲು ಕರೆದುಕೊಂಡು ಬಂದು, ಎಲ್ಲಿ ಹಾಕುವುದೆಂದು ತಿಳಿಯದೆ, ಕ್ಯಾನು ಹಿಡಿದು ನಿಂತಿದ್ದರು. ಚಿಕ್ಕಮ್ಮನೂ ಅವರಲ್ಲೇ ಇದ್ದಳು.

ಓನರ್ ಕಂಪ್ರೆಸರ್ ಮುಟ್ಟಿ ನೋಡಿದ. ಅವನಿಗೆ ಗೊತ್ತಾಯಿತು. ನನಗೂ ಗೊತ್ತಾಯಿತು. ಒಳಗೆ ಗಾಳಿ, ಪಸೆ, ಮೇಲೆ ಗಂಟಲವರೆಗೆ ಗ್ಯಾಸು. ಅದು ಎಂಟು ದಿನ ಓಡಿದ್ದೇ ಪುಣ್ಯ. ಅವನು ಎದ್ದು ಜಗಲಿಯ ಮೇಲೆ ನಿಂತ. ನಿಜ ಹೇಳುತ್ತಾನೆ ಎಂದುಕೊಂಡೆ. ಅಷ್ಟು ಪೆದ್ದಿ ನಾನು.

‘ನಂದೇ ತಪ್ಪು ಕಣ್ರವ್ವಾ’ ಎಂದ. ‘ಓದವ್ಳೆ ಅಂತ ನಂಬ್ಕಂಡು ಈ ಉಡ್ಗಿ ಕೈಗೆ ಬುಟ್ಬುಟ್ಟೆ. ಇವ್ಳ ಕೈಗುಣ ಸರಿಯಿಲ್ಲ. ಮುಟ್ಟಿದ್ದೆಲ್ಲಾ ಇಂಗೇ ಆಯ್ತದೆ. ಕಾರ್ಡ್ ನೋಡ್ಕಳಿ, ಸಹಿ ಅವ್ಳದ್ದೇ.’

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಲ್ಲ ಎನ್ನುವುದಾದರೂ ಹೇಗೆ? ಸಹಿ ನನ್ನದೇ ಆಗಿತ್ತಲ್ಲ. ಯಾರೋ ‘ಎಣ್ಮಕ್ಕಳಿಗ್ಯಾಕೆ ಇಂತಾ ಕೆಲ್ಸ’ ಎಂದರು. ಒಬ್ಬಾಕೆ ತನ್ನ ಕ್ಯಾನನ್ನು ನನ್ನ ಪಕ್ಕದಿಂದ ಎತ್ತಿ ಆಚೆ ಇಟ್ಟುಕೊಂಡಳು. ನಾನು ಚಿಕ್ಕಮ್ಮನ ಕಡೆ ನೋಡಿದೆ. ಅವಳು ತನ್ನ ಕ್ಯಾನಿನ ಒಳಗೆ ನೋಡುತ್ತಿದ್ದಳು.

ತಪ್ಪು ಮಾಡಿದಳು ಎಂದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪನ್ನು ತಿದ್ದಿಕೊಳ್ಳಬಹುದು, ಮತ್ತೆ ಕಲಿಯಬಹುದು. ಕೈಗುಣ ಎಂದರೆ ಮುಗಿಯಿತು, ಕೈಯನ್ನೇ ಕತ್ತರಿಸಿ ಬಿಸಾಡಬೇಕು. ಆ ಮಾತು ನನಗಿಂತ ಮೊದಲು ಬಸ್ಸು ಹತ್ತಿ ಹೊಳೆನರಸೀಪುರ ಸೇರಿತ್ತು. ಅವನು ಅವತ್ತೇ ಕೆಲಸದಿಂದ ತೆಗೆದ. ಹಾಸನದಲ್ಲಿ ಉಳಿದ ಅಂಗಡಿಯವರೂ ನೋಡೋಣ ಎಂದರು, ನೋಡಲಿಲ್ಲ. ಪಕ್ಕದ ಮನೆಯವರು ತೆಂಗಿನ ಸಸಿ ನೆಡುವಾಗ, ದಾರಿಯಲ್ಲಿ ಹೋಗುತ್ತಿದ್ದ ನನ್ನನ್ನು ಕಂಡು, ನಾನು ಮರೆಯಾಗುವವರೆಗೆ ಸಸಿ ಕೈಯಲ್ಲೇ ಹಿಡಿದು ನಿಂತಿದ್ದರು.

ಎಲ್ಲಕ್ಕಿಂತ ಉರಿದದ್ದು ಚಿಕ್ಕಮ್ಮನ ಮನೆಯಲ್ಲಿ. ಅವಳ ಮಗಳ ನಿಶ್ಚಿತಾರ್ಥದ ಹಿಂದಿನ ದಿನ ಮನೆ ತುಂಬ ನೆಂಟರು. ನಾಳೆಯ ಊಟದ ಮೊಸರಿಗೆಂದು ದೊಡ್ಡ ಪಾತ್ರೆಯಲ್ಲಿ ಹಾಲು ಕಾಯಿಸಿ ಆರಲು ಇಟ್ಟಿದ್ದರು. ಉಗುರುಬೆಚ್ಚಗಾಗಿದೆಯೇ ನೋಡಿ, ಹೆಪ್ಪು ಹಾಕಲು ನಾನು ಚಮಚ ತೆಗೆದುಕೊಂಡೆ. ಸಣ್ಣವಳಿದ್ದಾಗಿನಿಂದ ಆ ಮನೆಯಲ್ಲಿ ನಾನು ಮಾಡುತ್ತಿದ್ದ ಕೆಲಸ ಅದು. ಚಿಕ್ಕಮ್ಮ ಬಂದು ಮೆಲ್ಲಗೆ ಚಮಚ ತೆಗೆದುಕೊಂಡಳು.

‘ನೀ ಬುಡವ್ವಾ, ನಾ ಆಕ್ತೀನಿ’ ಎಂದಳು.

ಎಲ್ಲರೂ ನೋಡಿದರು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಚಿಕ್ಕಮ್ಮನ ಮೇಲೆ ಕೋಪ ಬರಲಿಲ್ಲ. ಓದು ಬರಹ ಇಲ್ಲದವಳು, ನಂಬಿಬಿಟ್ಟಿದ್ದಾಳೆ, ನಂಬಿಸಿದವನು ಅವನು ಎಂದುಕೊಂಡೆ. ಅವಳ ಪಾಲಿನ ಕೋಪವನ್ನೂ ಅವನ ಲೆಕ್ಕಕ್ಕೇ ಹಾಕಿದೆ.

ಆಮೇಲೆ ಅರಕಲಗೂಡಿಗೆ ಹೋಗಿ ಒಂದು ಬಾಗಿಲಿನ ಅಂಗಡಿ ಹಿಡಿದೆ. ಮೂರು ತಿಂಗಳು ಯಾರೂ ಬರಲಿಲ್ಲ. ಮೊದಲು ಬಂದವನು ಒಬ್ಬ ಬೇಕರಿಯವನು. ಅವತ್ತು ಬೇರೆ ಯಾವ ಮೆಕ್ಯಾನಿಕ್ಕೂ ಸಿಗದೆ, ಐಸ್‌ಕ್ರೀಮ್ ಕರಗುತ್ತಿದೆ ಎಂದು ಗೋಳಾಡುತ್ತ ಬಂದ. ಅವನ ಪೆಟ್ಟಿಗೆಗೆ ಪೂರ್ತಿ ವ್ಯಾಕ್ಯೂಮ್ ಮಾಡಿದೆ, ಅರ್ಧ ಗಂಟೆ ಮೀಟರಿನ ಮುಂದೆ ಕೂತೆ, ಗ್ಯಾಸು ತೂಗಿ ಹಾಕಿದೆ. ‘ಇದೇನವ್ವಾ, ಸಿನಿಮಾ ನೋಡೋರಂಗೆ ಕುಂತ್ಬುಟ್ಟೆ’ ಎಂದು ಅವನು ಅರ್ಧ ಗಂಟೆಯೂ ಗೊಣಗಿದ. ಆ ಪೆಟ್ಟಿಗೆ ಇವತ್ತಿಗೂ ಓಡುತ್ತಿದೆ.

ನನ್ನ ಕೆಲಸದ ಶಿಸ್ತನ್ನು ಜನ ಈಗ ಹೊಗಳುತ್ತಾರೆ. ಅದರ ಮೂಲ ಅವರಿಗೆ ಗೊತ್ತಿಲ್ಲ. ಮೀಟರಿನ ಮುಂದೆ ಕೂತ ಒಂದೊಂದು ಅರ್ಧ ಗಂಟೆಯೂ ನಾನು ಅವನನ್ನೇ ನೆನೆಯುತ್ತಿದ್ದೆ. ಬೇರೆಯವರಿಗೆ ಜಪ ಮಾಡಲು ಮಣಿಸರ ಬೇಕು, ನನಗೆ ಮೀಟರಿತ್ತು. ಮೊಸಳೆ ಎಂಬ ಊರಿನಿಂದಲೋ ಹಾಸನದಿಂದಲೋ ಯಾರಾದರೂ ಸುಟ್ಟ ಕಂಪ್ರೆಸರ್ ಹೊತ್ತು ತಂದರೆ, ಕತ್ತರಿಸಿ ಎಣ್ಣೆ ಮೂಸುತ್ತಿದ್ದೆ. ಹುಳಿ ವಾಸನೆ ಬಂದರೆ ಒಳಗೆ ಪಸೆ ಇತ್ತೆಂದು ಅರ್ಥ. ಹಿಂದೆ ಯಾರು ರಿಪೇರಿ ಮಾಡಿದ್ದು ಎಂದು ಕೇಳುತ್ತಿದ್ದೆ. ಅವನ ಹೆಸರು ಹೇಳಿದರೆ ಆ ದಿನ ಊಟ ರುಚಿಸುತ್ತಿತ್ತು.

ವರ್ಷಗಳಾದವು. ಹೊಸ ಹೊಸ ಗ್ಯಾಸುಗಳು ಬಂದವು, ಕೆಲವು ಬೆಂಕಿ ಹತ್ತಿಕೊಳ್ಳುವಂಥವು. ಕಣ್ಣಂದಾಜಿನಲ್ಲಿ ತುಂಬಿದರೆ ಯಂತ್ರವಲ್ಲ, ಮನೆಯೇ ಹೋಗುತ್ತದೆ. ದೊಡ್ಡ ಕೆಲಸಗಳಿಗೆ ಮೆಕ್ಯಾನಿಕ್ಕಿನ ಸರ್ಟಿಫಿಕೇಟ್ ಕೇಳಲು ಶುರು ಮಾಡಿದರು. ನಾನು ಮೊದಲೇ ಪರೀಕ್ಷೆ ಕಟ್ಟಿ ಪಾಸಾಗಿದ್ದೆ, ಆಮೇಲೆ ಪರೀಕ್ಷೆ ತೆಗೆದುಕೊಳ್ಳುವವಳೂ ಆದೆ. ಹೋದ ವರ್ಷ ನಮ್ಮ ಕಡೆಯ ಹಳೆಯ ಮೆಕ್ಯಾನಿಕ್‌ಗಳಿಗೆ ಪರೀಕ್ಷೆ ಮಾಡಿ ಎಂದು ಸರ್ಟಿಫಿಕೇಟ್ ಕೊಡುವ ಕಚೇರಿಯಿಂದ ಒಂದು ಪಟ್ಟಿ ಬಂತು. ಏಳನೆಯ ಹೆಸರು ಅವನದು. ನಾನು ಅವತ್ತು ಮನೆಯಲ್ಲಿ ಹೋಳಿಗೆ ಮಾಡಿದೆ.

ಜಾಗ ನೀವೇ ಗೊತ್ತು ಮಾಡಿ ಎಂದಿದ್ದರು. ಚನ್ನರಾಯಪಟ್ಟಣದ ಕಡೆ ಒಂದು ಡೇರಿ ಇದೆ, ಜಗಲಿ ವಿಶಾಲವಾಗಿದೆ, ತ್ರೀ ಫೇಸ್ ಕರೆಂಟಿದೆ ಎಂದು ಬರೆದು ಕಳಿಸಿದೆ. ಎಲ್ಲವೂ ನಿಜವೇ. ಟೈಮು ಬೆಳಿಗ್ಗೆ ಇಟ್ಟೆ, ಏಳನೆಯವನ ಸರದಿ ಬರುವಾಗ ಐದು ಗಂಟೆ ಆಗಲಿ ಎಂದು. ತಿಂಗಳೂ ನಾನೇ ಆರಿಸಿದೆ, ಶಿವರಾತ್ರಿಗೂ ಯುಗಾದಿಗೂ ನಡುವೆ. ಮದುವೆಗೆ ಮುಹೂರ್ತ ಇಟ್ಟವರೂ ಇಷ್ಟು ಲೆಕ್ಕ ಹಾಕಿರಲಾರರು.

ಅವನು ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಮಂಡಿ ನೋವಿಗೆ ಪಟ್ಟಿ ಕಟ್ಟಿದ್ದ. ನನ್ನನ್ನು ನೋಡಿ ಒಂದು ಕ್ಷಣ ನಿಂತ, ಆಮೇಲೆ ‘ಚೆಂದಾಗಿದ್ದೀಯೇನಮ್ಮಿ?’ ಎಂದ. ‘ಚೆನ್ನಾಗಿದೀನಿ ಸಾ, ಕೂತ್ಕೊಳ್ಳಿ’ ಎಂದೆ. ಕನಿಕರ ಬರುತ್ತದೇನೋ ಎಂದು ಒಳಗೆ ತಡಕಾಡಿದೆ. ಬರಲಿಲ್ಲ.

ಪರೀಕ್ಷೆಗೆಂದು ಒಂದು ಪುಟ್ಟ ಕೂಲರ್ ತಂದು ಜಗಲಿಯ ಮೇಲೆ ಇಟ್ಟಿದ್ದೆ. ಆರು ಜನರಿಗೂ ಕ್ರಮವಾಗಿ ಮಾಡಿಸಿದೆ: ವ್ಯಾಕ್ಯೂಮ್, ಕಾಯುವುದು, ತೂಗುವುದು. ಇಬ್ಬರು ತಪ್ಪು ಮಾಡಿದರು, ತಿದ್ದಿ ಮತ್ತೆ ಮಾಡಿಸಿದೆ. ಏಳನೆಯವನ ಸರದಿಗೆ ಹೆಂಗಸರು ಒಬ್ಬೊಬ್ಬರೇ ಕ್ಯಾನು ಹಿಡಿದು ಬಂದು ಸೇರತೊಡಗಿದ್ದರು. ಚಿಕ್ಕಮ್ಮನೂ ಬಂದು ಕಂಬಕ್ಕೆ ಒರಗಿ ನಿಂತಳು. ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಗ್ಯಾಸು ಹಾಕುವ ಹಂತಕ್ಕೆ ಬಂದಾಗ ತೂಕದ ಯಂತ್ರದ ಅಂಕಿ ಕಾಣದ ಹಾಗೆ ಮೇಲೆ ಟವೆಲ್ ಹೊದಿಸಿದೆ.

‘ಸಾ, ನಿಮಗೆ ಇದೆಲ್ಲ ಯಾಕೆ? ನಿಮ್ಮ ಕೈ ಎಂಥದು ಅಂತ ಇಡೀ ಹಾಸನಕ್ಕೆ ಗೊತ್ತು. ನಿಮ್ಮ ರೀತೀಲೇ ಹಾಕಿ ತೋರಿಸಿ’ ಎಂದೆ.

ಉಳಿದ ಆರು ಜನಕ್ಕೆ ಸಿಕ್ಕದ ಮರ್ಯಾದೆ ಎಂದುಕೊಂಡ. ಮುಖ ಅರಳಿತು. ಅದು ಉರುಲು ಎಂದು ಅವನಿಗೆ ಹೊಳೆಯಲೇ ಇಲ್ಲ. ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತ, ಸಿಲಿಂಡರಿನ ಕಿವಿ ತಿರುಗಿಸಿದ, ಪೈಪಿನ ಮೇಲೆ ಅಂಗೈ ಇಟ್ಟ. ಒಣಗಾಳಿ ಬೀಸುತ್ತಿತ್ತು. ಪೈಪು ಬೆವರಲಿಲ್ಲ. ನನ್ನ ಕಡೆ ನೋಡಿದ. ನಾನು ನಗುತ್ತಾ ನಿಂತಿದ್ದೆ. ಇನ್ನಷ್ಟು ಬಿಟ್ಟ. ಯಂತ್ರದ ಸದ್ದು ದಪ್ಪಗಾಯಿತು, ಮೂಲೆಯಲ್ಲಿದ್ದ ಒಬ್ಬ ಮೆಕ್ಯಾನಿಕ್ ಸಾಕು ಎಂದು ಹೇಳಲು ಬಾಯಿ ತೆರೆದ, ಕಣ್ಣ ಸನ್ನೆಯಲ್ಲೇ ಅವನ ಬಾಯಿ ಮುಚ್ಚಿಸಿದೆ. ಕೊನೆಗೆ ನಾಲ್ಕು ಹನಿ ಕಟ್ಟಿತು. ‘ನೋಡಮ್ಮಿ, ಬೆವರ್ತು’ ಎಂದ, ಮಗುವಿನ ಹಾಗೆ.

ನಾನು ಯಂತ್ರ ನಿಲ್ಲಿಸಿ ಟವೆಲ್ ತೆಗೆದೆ.

‘ತಗಡಿನ ಮೇಲೆ ಎಷ್ಟು ಬರೆದಿದೆ ಓದಿ ಸಾ. ಜೋರಾಗಿ.’

‘ಎಂಟ್ನೂರು ಗ್ರಾಂ.’

‘ನೀವು ಹಾಕಿದ್ದು?’

ಅವನು ಅಂಕಿ ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ‘ಸಾವಿರದ ಮುನ್ನೂರು’ ಎಂದ. ದನಿ ಜಗಲಿ ದಾಟಲಿಲ್ಲ. ಇನ್ನೊಂದು ಸಲ ಹೇಳಿಸಿದೆ.

‘ಒಂಬತ್ತು ವರ್ಷದ ಹಿಂದೆ ಇದೇ ಜಗಲಿ ಮೇಲೆ ನಿಂತು ಇವರೆಲ್ಲರ ಎದುರಿಗೆ ಒಂದು ಮಾತಂದಿರಿ. ನೆನಪಿದೆಯಾ ಸಾ?’

ಮರೆತಿದ್ದೇನೆ ಎನ್ನುತ್ತಾನೆ, ಆಗ ಇನ್ನೂ ಚೆನ್ನಾಗಿ ಹಿಂಡಬಹುದು ಎಂದು ಸಿದ್ಧವಾಗಿಯೇ ಬಂದಿದ್ದೆ. ಅವನು ಮರೆತಿರಲಿಲ್ಲ.

‘ನೆಪ್ಪೈತೆ ಕಣಮ್ಮಿ’ ಎಂದ. ಆಮೇಲೆ ಹೆಂಗಸರ ಕಡೆ ತಿರುಗಿದ. ‘ಅವತ್ತು ಗ್ಯಾಸ್ ಜಾಸ್ತಿ ಆಕ್ದೋನು ನಾನೇ ಕಣ್ರವ್ವಾ. ಗಾಳಿ ಎಳೀಬೇಕು ಅಂದ್ಲು, ನಾನೇ ಬುಡಿಸ್ದೆ. ಈ ಅಮ್ಮಿ ಕೈಲಿ ಏನೂ ತಪ್ಪಿರ್ನಿಲ್ಲ. ಅಂಗ್ಡಿ ಎಸ್ರು ಓಯ್ತದೆ ಅಂತ ಅಂಗಂದ್ಬುಟ್ಟೆ.’

ಬಂತು. ಅದೇ ಜಗಲಿ, ಅದೇ ಹೆಂಗಸರು, ಅದೇ ಬಾಯಿ. ಮಾಡಿದ್ದುಣ್ಣೋ ಮಹರಾಯ ಎಂದು ಒಳಗೊಳಗೇ ಕುಣಿದೆ. ಈಗ ಈ ಹೆಂಗಸರು ದಂಗಾಗುತ್ತಾರೆ, ಅಯ್ಯೋ ಈ ಹುಡುಗಿಗೆ ಎಂಥ ಅನ್ಯಾಯ ಮಾಡಿದೆವು ಎನ್ನುತ್ತಾರೆ, ಒಬ್ಬಳಾದರೂ ಬಂದು ಕೈ ಹಿಡಿಯುತ್ತಾಳೆ ಎಂದು ತಿರುಗಿದೆ.

ಯಾರೂ ದಂಗಾಗಿರಲಿಲ್ಲ. ಒಬ್ಬಾಕೆ ಆಕಳಿಸಿದಳು. ಮುಂದಿನವಳು ಕ್ಯಾನನ್ನು ಕಾಲಲ್ಲಿ ಮುಂದಕ್ಕೆ ತಳ್ಳಿ, ‘ಒತ್ತಾಯ್ತದೆ, ಹಾಲು ಅಳೀರಿ’ ಎಂದು ಸೆಕ್ರೆಟರಿಗೆ ಕೂಗಿದಳು. ಚಿಕ್ಕಮ್ಮ ಕಂಬ ಬಿಟ್ಟು ನನ್ನ ಹತ್ತಿರ ಬಂದಳು.

‘ಬುಡವ್ವಾ ಪಾಪ, ವಯಸ್ಸಾದೋರು. ಅವ್ರು ಯೋಳ್ದೆ ಇದ್ರೆ ನಮ್ಗೇನು ಗೊತ್ತಿರ್ನಿಲ್ವಾ?’

‘ಏನು ಗೊತ್ತಿತ್ತು ಚಿಕ್ಕಮ್ಮ?’

‘ಇಲ್ಲೇ ಕುಂತಿದ್ನಲ್ಲ ನಾನು, ಫೀಡ್ ಮೂಟೆಗೆ. ನೀನು ಕಾಪಿ ತರಕ್ಕೋದೆ, ಅವ್ರು ಪಂಪ್ ಕಿತ್ತಾಕಿ ಗ್ಯಾಸ್ ಬುಟ್ರು. ನೀ ಬಂದು ಸಾಕು ಸಾ ಸಾಕು ಸಾ ಅಂತಿದ್ದುದ್ನೂ ಕೇಳಿಸ್ಕಂಡೆ. ಅವತ್ತೇ ಸಂಜೆ ಎಲ್ರಿಗೂ ಯೋಳಿದ್ದೆ.’

ಅವಳು ಮುಂದುವರಿಸಿದಳು, ತಪ್ಪು ಮಾತಾಡುತ್ತಿದ್ದೇನೆ ಎಂಬ ಅರಿವೇ ಇಲ್ಲದೆ. ಅವನನ್ನು ಎದುರು ಹಾಕಿಕೊಂಡರೆ ಕೂಲರ್ ರಿಪೇರಿಗೆ ಬರುವವರು ಯಾರಿದ್ದರು? ಆಗ ಈ ಕಡೆಗೆಲ್ಲ ಅವನೊಬ್ಬನೇ ಅಲ್ಲವೇ? ದಿನಾ ಹಾಲು ಹಾಕುವವರು ನಾವು. ನೀನಾದರೆ ಮನೆ ಮಗಳು, ನಾಲ್ಕು ದಿನ ಬೇಜಾರು ಮಾಡಿಕೊಂಡು ಸುಮ್ಮನಾಗುತ್ತೀಯ.

‘ಹೆಪ್ಪು?’ ಎಂದೆ. ‘ಹೆಪ್ಪು ಯಾಕೆ ಹಾಕಕ್ಕೆ ಬಿಡಲಿಲ್ಲ?’

‘ನೆಂಟ್ರೆಲ್ಲ ನೋಡ್ತಿದ್ರಲ್ಲವ್ವಾ’ ಎಂದಳು.

ಒಂಬತ್ತು ವರ್ಷ ನಾನು ಇಡೀ ಊರಿನ ಮೇಲೆ ಬರಬೇಕಾದ ಕೋಪವನ್ನು ಒಬ್ಬನ ತಲೆಗೆ ಕಟ್ಟಿದ್ದೆ. ಅವನು ಒಂದು ಸುಳ್ಳು ಹೇಳಿದ. ಇವರು ಅದು ಸುಳ್ಳೆಂದು ಗೊತ್ತಿದ್ದೂ ಒಂಬತ್ತು ವರ್ಷ ಸಾಕಿಕೊಂಡರು. ಅವನು ನನಗೆ ಏನೂ ಆಗಬೇಕಾದವನಲ್ಲ. ಇವಳ ಮಡಿಲಲ್ಲಿ ನಾನು ಮಲಗಿ ಬೆಳೆದಿದ್ದೆ.

ಫಲಿತಾಂಶದ ಹಾಳೆಯಲ್ಲಿ ಅವನ ಹೆಸರಿನ ಮುಂದೆ ಅನುತ್ತೀರ್ಣ ಎಂದು ಬರೆದೆ. ಟವೆಲ್ ಹೊದಿಸದೆ ಇದ್ದಿದ್ದರೆ ಪಾಸಾಗುತ್ತಿದ್ದನೋ ಏನೋ, ಗೊತ್ತಿಲ್ಲ. ಅದನ್ನು ಯೋಚಿಸಿದರೆ ಇವತ್ತಿಗೂ ಸ್ವಲ್ಪ ಮುಜುಗರವಾಗುತ್ತದೆ, ಬಹಳವೇನಲ್ಲ. ಸಾಮಾನು ಕಟ್ಟುವಾಗ ಡೇರಿ ಸೆಕ್ರೆಟರಿ ಕೈ ಮುಗಿದು ಬಂದ.

‘ಮೇಡಂ, ಮೊನ್ನೆ ಹೊಸಾ ಕೂಲರ್ ಬಂದೈತೆ. ಇನ್ಮೇಲೆ ಸರ್ವೀಸಿಗೆ ನೀವೇ ಬಂದ್ಬುಡಿ.’

‘ಆಗಲ್ಲ.’

‘ಮತ್ತ್ಯಾರ್ನ ಕರೆಯಾನ?’

‘ಇವರಿದಾರಲ್ಲ’ ಎಂದು ಅವನ ಕಡೆ ಕೈ ತೋರಿಸಿದೆ. ‘ಮೊದಲಿಂದ ಇವರನ್ನೇ ಕರೀತಿದ್ದೀರಿ. ಈಗಲೂ ಇವರನ್ನೇ ಕರೀರಿ.’

ಅವನು ತಲೆ ಎತ್ತಲಿಲ್ಲ. ಸೆಕ್ರೆಟರಿ ತಮಾಷೆ ಎಂದುಕೊಂಡು ನಕ್ಕ. ಚಿಕ್ಕಮ್ಮ ಕಾಫಿ ಕುಡಿದು ಹೋಗು ಎಂದು ಕೈ ಹಿಡಿದು ಎಳೆದಳು, ಬಸ್ಸಿಗೆ ಹೊತ್ತಾಯಿತು ಎಂದು ಬಿಡಿಸಿಕೊಂಡು ಬಂದೆ.

ಊರಿನ ಡೇರಿಗೆ ಬರುವವನ ಸರ್ಟಿಫಿಕೇಟನ್ನು ಯಾರೂ ಕೇಳುವುದಿಲ್ಲ. ಅವನೇ ಹೋಗುತ್ತಿದ್ದಾನೆಂದು ಆಮೇಲೆ ಕೇಳಿದೆ. ಈ ಬೇಸಿಗೆಯಲ್ಲಿ ಒಂದು ದಿನ ಚಿಕ್ಕಮ್ಮನ ಫೋನು ಬಂತು. ಡೇರಿಯ ಒಳಗಿನಿಂದಲೇ ಮಾಡಿದ್ದಳು.

‘ಎಲ್ಡ್ ದಿನದಿಂದ ಕೂಲರ್ ಒಂಥರಾ ಸವುಂಡ್ ಮಾಡ್ತೈತೆ ಕಣವ್ವಾ. ಓದ್ವಾರ ಅವ್ರು ಬಂದು ಗ್ಯಾಸ್ ಆಕೋದ್ರು. ಕೇಳಿಸ್ಕಂಡು ಯೋಳು ಏನಾಗೈತೆ ಅಂತ’ ಎಂದು ಫೋನನ್ನು ಯಂತ್ರಕ್ಕೆ ಹಿಡಿದಳು.

ಕೇಳಿಸಿಕೊಂಡೆ. ದಪ್ಪನೆಯ, ಉಸಿರು ಕಟ್ಟಿದ ಸದ್ದು. ನಿದ್ದೆಯಲ್ಲಿ ಕೇಳಿದರೂ ಗುರುತು ಹಿಡಿಯುತ್ತೇನೆ. ಯಂತ್ರವನ್ನು ಈಗಲೇ ನಿಲ್ಲಿಸಿ, ಹೆಚ್ಚಿನ ಗ್ಯಾಸು ತೆಗೆದರೆ ಉಳಿಯುತ್ತದೆ. ಹೇಳಲು ಎರಡು ವಾಕ್ಯ ಸಾಕು. ಅದರ ಹಿಂದೆ ಕ್ಯಾನುಗಳ ಸದ್ದು, ಹೆಂಗಸರ ಮಾತು, ಯಾರೋ ನಗುವುದು ಎಲ್ಲ ಕೇಳುತ್ತಿತ್ತು. ಅವಳು ಫೋನನ್ನು ಮತ್ತೆ ಕಿವಿಗೆ ಇಟ್ಟುಕೊಂಡು, ‘ಗೊತ್ತಾಯ್ತೇನವ್ವಾ?’ ಎಂದಳು.

‘ಇಲ್ಲ ಚಿಕ್ಕಮ್ಮ, ಗೊತ್ತಾಗಲಿಲ್ಲ’ ಎಂದೆ.